ಓಕ್ಲಹೋಮಾ, ಕನ್ಸಾಸ್ ಬಯಲಿನಲ್ಲಿ ಬಿರುಮಳೆ ಮೋಡದ ಬೆನ್ನು ಹತ್ತುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಸುಂಟರಗಾಳಿ ನೋಡಲೇಬೇಕು ಅಂತ ಹಟ ಹಿಡಿದು ಹೊರಟರೆ ಬೇಜಾರಾಗಿ ವಾಪಸ್ ಬರುವುದೇ ಜಾಸ್ತಿ. ಮೋಡ ನೋಡಲು ಹೊರಡಿ. ಮೇ ಕೊನೆಯಲ್ಲಿ ನಾವು ಗೆಳೆಯರು ಅಮೆರಿಕದ ಡಲ್ಲಾಸ್‌ನಿಂದ ಕಾರಿನಲ್ಲಿ ಹೊರಟು ಓಕ್ಲಹೋಮಾ, ಕನ್ಸಾಸ್ ಸುತ್ತಿದೆವು. ಸುಂಟರಗಾಳಿ ಒಂದೂ ಸಿಗಲಿಲ್ಲ. ಆದರೂ ಪೆಟ್ರೋಲ್ ದುಡ್ಡು ದಂಡವಾಯಿತು ಅಂತ ಯಾರಿಗೂ ಅನ್ನಿಸಲಿಲ್ಲ.

ಸೀಸನ್ ಏಪ್ರಿಲ್‌ನಿಂದ ಜೂನ್. ಮೇನಲ್ಲಿ ಟೆಕ್ಸಸ್, ಓಕ್ಲಹೋಮಾ, ಕನ್ಸಾಸ್ ಕಡೆ ಜೋರು, ಜೂನ್ ಬಂತೆಂದರೆ ನೆಬ್ರಾಸ್ಕಾ, ಡಕೋಟಾ ಕಡೆ ಸರಿಯುತ್ತದೆ. ಹೋಟೆಲ್ ಮುಂಚೆ ಬುಕ್ ಮಾಡಬೇಡಿ, ಯಾಕೆಂದರೆ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು ಮಧ್ಯಾಹ್ನದವರೆಗೂ ನಿಮಗೇ ಗೊತ್ತಿರುವುದಿಲ್ಲ.

ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ, ಓಕ್ಲಹೋಮಾದ ನಾರ್ಮನ್ ಊರಿನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನ, ಅಂದರೆ ಬಿರುಮಳೆ ಮುನ್ಸೂಚನೆ ಕೊಡುವ ಸರ್ಕಾರಿ ಕೇಂದ್ರದ, ನಕ್ಷೆ ನೋಡುವುದು. ಅಪಾಯವನ್ನು ಐದು ಹಂತ ಮಾಡಿ ಬಣ್ಣ ಹಚ್ಚಿರುತ್ತಾರೆ. ಹೊಸಬರಿಗೆ ಮೇಲಿನ ಹಂತದ ಮೇಲೇ ಕಣ್ಣು. ನನ್ನ ಕೇಳಿದರೆ ಅಂಥ ದಿನ ಸುಮ್ನೆ ರೂಮಿನಲ್ಲಿರಿ. ಮೋಡಗಳು ವೇಗವಾಗಿ ಓಡುತ್ತವೆ, ರಸ್ತೆ ತುಂಬ ನಿಮ್ಮಂಥವರದ್ದೇ ಕಾರು. ಎರಡನೇ, ಮೂರನೇ ಹಂತದ ದಿನ ಒಂಟಿಯಾಗಿ ಎದ್ದ ಸೂಪರ್‌ಸೆಲ್ (ತನ್ನಷ್ಟಕ್ಕೇ ತಿರುಗುವ ಭಾರಿ ಬಿರುಮಳೆ ಮೋಡ) ಸಿಕ್ಕರೆ ಅದೇ ಚೆಂದ.

ಆಮೇಲೆ ಕಾಯುವುದು. ಸಣ್ಣ ಊರಿನ ಪೆಟ್ರೋಲ್ ಬಂಕ್ ಪಕ್ಕ, ಸೆಕೆಯಲ್ಲಿ, ರೇಡಾರ್ ಆ್ಯಪ್ ನೋಡುತ್ತಾ. ನಾವು ಹೀಗೆ ಕಾದ ಒಂದು ದಿನ ನಾಲ್ಕು ಗಂಟೆಯಾದರೂ ಆಕಾಶ ಖಾಲಿ. ಐದರ ಹೊತ್ತಿಗೆ ಪಶ್ಚಿಮದಲ್ಲಿ ಒಂದು ಮೋಡ ಎದ್ದು ನೋಡನೋಡುತ್ತಿದ್ದಂತೆ ಬೆಳೆಯಿತು. ಹತ್ತಿರ ಹೋದಾಗ ಗಾಳಿ ನಮ್ಮ ಬೆನ್ನಿನಿಂದ ಮೋಡದ ಕಡೆಗೇ ಬೀಸುತ್ತಿತ್ತು, ಗೋಧಿ ಹೊಲವೆಲ್ಲ ಆ ಕಡೆಗೇ ಬಾಗಿತ್ತು. ಮೋಡದ ತಳ ಬೀಸುವ ಕಲ್ಲಿನ ಹಾಗೆ ನಿಧಾನಕ್ಕೆ ತಿರುಗುತ್ತಿತ್ತು. ಇದ್ದಕ್ಕಿದ್ದಂತೆ ಗಾಳಿ ತಿರುಗಿ ತಣ್ಣಗೆ ಮುಖಕ್ಕೆ ಹೊಡೆಯಿತು. ಅಲ್ಲಿಂದ ಜಾಗ ಖಾಲಿ ಮಾಡಿದೆವು.

ಇಂಥ ಮೋಡಗಳು ಸಾಮಾನ್ಯವಾಗಿ ಈಶಾನ್ಯಕ್ಕೋ ಪೂರ್ವಕ್ಕೋ ಸಾಗುತ್ತವೆ. ನೀವು ಆಗ್ನೇಯದಲ್ಲಿ, ದೂರದಲ್ಲಿ ನಿಲ್ಲಿ, ದಕ್ಷಿಣಕ್ಕೆ ಓಡಲು ಟಾರ್ ರಸ್ತೆ ಕೈಗೆ ಸಿಗುವಂತಿರಲಿ. ಮಳೆ ಸೀಳಿಕೊಂಡು ಒಳಗೆ ನುಗ್ಗಬೇಡಿ, ಎದುರಿಗೆ ಏನಿದೆ ಅಂತಲೇ ಕಾಣುವುದಿಲ್ಲ. ‘ಸಾಮಾನ್ಯವಾಗಿ’ ಅನ್ನುವುದನ್ನೂ ಪೂರ್ತಿ ನಂಬಬೇಡಿ. 2013ರ ಮೇ 31ರಂದು ಓಕ್ಲಹೋಮಾದ ಎಲ್ ರೀನೋ ಊರಿನ ಹತ್ತಿರ ಸುಂಟರಗಾಳಿ ದಿಢೀರನೆ ದಿಕ್ಕು ಬದಲಿಸಿ 4.2 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದ ಟಿಮ್ ಸಮರಾಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ಕಾರಿನಲ್ಲೇ ಸಿಕ್ಕಿಕೊಂಡು ತೀರಿಹೋದರು. ಅವರಿಗೇ ಹೀಗಾದರೆ ನಾವ್ಯಾವ ಲೆಕ್ಕ? ಅದಕ್ಕೇ ಮೊದಲ ಸಲ ಅನುಭವಸ್ಥರ ಜೊತೆ ಅಥವಾ ಟೂರ್ ವ್ಯಾನಿನಲ್ಲಿ ಹೋಗಿ. ದುಬಾರಿ, ನಿಜ.

ನಕ್ಷೆಯಲ್ಲಿ ಮೈಲಿಗೊಂದು ರಸ್ತೆ ಕಾಣುತ್ತದೆ. ಅದರಲ್ಲಿ ಎಷ್ಟೋ ಮಣ್ಣಿನವು, ಮಳೆ ಬಿದ್ದರೆ ಕೆಂಪು ಕೆಸರು, ಕಾರು ಹೂತರೆ ಮುಗೀತು. ಸೇತುವೆ ಅಡಿ ಆಶ್ರಯ ಪಡೆಯಬೇಡಿ, ಅಲ್ಲಿ ಗಾಳಿಯ ರಭಸ ಇನ್ನೂ ಹೆಚ್ಚುತ್ತದೆ. ಸಿಡಿಲಿಗೆ ಕಾರಿನ ಒಳಗಿರಿ, ಫೋಟೋ ಆಸೆಗೆ ತಂತಿಬೇಲಿ ಪಕ್ಕ ನಿಲ್ಲಬೇಡಿ. ಬಾಡಿಗೆ ಕಾರಾದರೆ ಆಲಿಕಲ್ಲಿನ ಹಾನಿ ವಿಮೆಯಲ್ಲಿ ಸೇರಿದೆಯಾ ಕೇಳಿಕೊಳ್ಳಿ. ಎರಡು ಇಂಚಿನ ಕಲ್ಲು ಬಿದ್ದರೆ ಗಾಜು ಉಳಿಯುವುದಿಲ್ಲ. ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ, ಕಾಗದದ ನಕ್ಷೆ ಇರಲಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ.

ಇನ್ನೊಂದು ಮಾತು. ಊರಿನವರ ಎದುರು ‘ಇವತ್ತೂ ಸಿಗಲಿಲ್ಲ’ ಅಂತ ಗೊಣಗಬೇಡಿ. ಎಲ್ ರೀನೋಗಿಂತ ಹನ್ನೊಂದು ದಿನ ಮೊದಲಷ್ಟೇ ಅದೇ ಓಕ್ಲಹೋಮಾದ ಮೂರ್ ಎಂಬ ಪಟ್ಟಣದಲ್ಲಿ ಸುಂಟರಗಾಳಿಗೆ 24 ಜನ ಸತ್ತಿದ್ದರು. ಅವರಿಗೆ ಇದು ನೋಟ ಅಲ್ಲ, ಅಲ್ವಾ?

ಒಂಬತ್ತರ ಸುಮಾರಿಗೆ ಕತ್ತಲಾಗುತ್ತದೆ. ಆಮೇಲೆ ಹಿಂಬಾಲಿಸುವುದು ಬೇಡ, ರೂಮು ಹುಡುಕಿ. ಅಷ್ಟು ಹೊತ್ತಿಗೆ ಸಣ್ಣ ಊರುಗಳಲ್ಲಿ ಊಟದ ಹೋಟೆಲ್ ಮುಚ್ಚಿರುತ್ತವೆ, ಸಸ್ಯಾಹಾರಿಗಳಿಗಂತೂ ಹಗಲಲ್ಲೂ ಕಷ್ಟವೇ. ಗೊಜ್ಜವಲಕ್ಕಿ ಪುಡಿ ಮಾಡಿ ಕಟ್ಟಿಕೊಂಡು ಹೋಗಿ, ರೂಮಿನ ಕಾಫಿ ಮೆಷಿನ್ನಿನ ಬಿಸಿನೀರು ಹಾಕಿದರೆ ಸಾಕು.