ಇತ್ತು ಸಾ!

ಕೊಳ್ಳೇಗಾಲ ಓಡಿಬಿಟ್ಟ. ಎಲ್ಲ ಶುರುವಾದದ್ದು ಅಲ್ಲಿಂದ.

1984ನೇ ಇಸವಿ, ಬಿ.ಎಸ್ಸಿ. ಮೊದಲ ವರ್ಷ, ಕೆಮಿಸ್ಟ್ರಿ ಲ್ಯಾಬು. ಅವತ್ತು ಸಾಲ್ಟ್ ಅನಾಲಿಸಿಸ್. ಪೊಟ್ಟಣದಲ್ಲಿ ಒಂದು ಚಮಚದಷ್ಟು ಬಿಳಿ ಪುಡಿ ಕೊಡುತ್ತಿದ್ದರು. ಅದರಲ್ಲಿ ಯಾವ ಆಸಿಡ್ ರ‍್ಯಾಡಿಕಲ್, ಯಾವ ಬೇಸಿಕ್ ರ‍್ಯಾಡಿಕಲ್ ಇದೆ ಅಂತ ಬೆಲ್ಲು ಹೊಡೆಯುವುದರೊಳಗೆ ಪತ್ತೆ ಮಾಡಬೇಕು. ನೈಟ್ರೇಟ್ ಇದೆಯೆಂದು ಅನುಮಾನ ಬಂದರೆ ಬ್ರೌನ್ ರಿಂಗ್ ಟೆಸ್ಟು. ಉಪ್ಪಿನ ದ್ರಾವಣಕ್ಕೆ ಆಗಷ್ಟೇ ಮಾಡಿಕೊಂಡ ಫೆರಸ್ ಸಲ್ಫೇಟ್ ಸೇರಿಸಿ, ಟೆಸ್ಟ್ ಟ್ಯೂಬನ್ನು ಓರೆಯಾಗಿ ಹಿಡಿದು, ಒಳಗೋಡೆಗುಂಟ ಸಾಂದ್ರ ಸಲ್ಫ್ಯೂರಿಕ್ ಆಸಿಡ್ಡನ್ನು ತೊಟ್ಟು ತೊಟ್ಟಾಗಿ ಇಳಿಸಬೇಕು. ಆಸಿಡ್ಡು ಭಾರ, ತಳಕ್ಕೆ ಹೋಗಿ ಕೂರುತ್ತದೆ. ಎರಡೂ ದ್ರವ ಮುಟ್ಟುವ ಕಡೆ, ಕುಡಿದಿಟ್ಟ ಕಾಫಿ ಲೋಟದಲ್ಲಿ ಉಳಿಯುವ ಗೆರೆಯ ಹಾಗೆ, ಒಂದು ಕಂದು ಉಂಗುರ ಮೂಡುತ್ತದೆ. ಕೈ ಅಲುಗಿದರೆ ಹೋಯಿತು.

ಇಡೀ ಬ್ಯಾಚಿನಲ್ಲಿ ಅಂಥ ಉಂಗುರ ಇನ್ಯಾರಿಗೂ ಬಂದಿರಲಿಲ್ಲ. ನಮ್ಮ ಟ್ಯೂಬುಗಳಲ್ಲಿ ಇದ್ದದ್ದು ಉಂಗುರವೋ ಕೊಳೆಯೋ ಎಂದು ಹೇಳುವುದೇ ಕಷ್ಟ. ಅವನದು ಮಾತ್ರ ಅಕ್ಕಸಾಲಿಗನ ಕೈಯಲ್ಲಿ ಮಾಡಿಸಿದ ಹಾಗಿತ್ತು. ಸಂತೋಷ ತಡೆಯಲಾರದೆ ಟ್ಯೂಬನ್ನು ಎತ್ತಿ ಹಿಡಿದು, ಆ ತುದಿಯಲ್ಲಿ ರೆಕಾರ್ಡುಗಳಿಗೆ ಸಹಿ ಹಾಕುತ್ತಿದ್ದ ಮೇಷ್ಟ್ರ ಹತ್ತಿರಕ್ಕೆ ಓಡಿದ. ಆರು ಬೆಂಚು ದಾಟಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ತಲೆ ಎತ್ತುವಷ್ಟರಲ್ಲಿ ಟ್ಯೂಬಿನಲ್ಲಿ ಉಳಿದಿದ್ದದ್ದು ಕದಡಿದ ಬಿಸಿ ನೀರು.

"ಎಲ್ಲಯ್ಯಾ ರಿಂಗು?"

"ಇತ್ತು ಸಾ!"

"ಎಲ್ಲಿತ್ತು?"

"ಅಲ್ಲಿತ್ತು ಸಾ," ಎಂದು ಅವನು ತಿರುಗಿ ತನ್ನ ಬೆಂಚಿನ ಕಡೆ ಬೆರಳು ತೋರಿಸಿದ.

ಮೇಷ್ಟ್ರು ಎದ್ದು ಬೆಂಚಿನವರೆಗೂ ಹೋಗಿ, ಬಗ್ಗಿ, ಸ್ಟೂಲಿನ ಕೆಳಗೆಲ್ಲ ನೋಡಿ, "ಸಿಗಲಿಲ್ಲಪ್ಪ" ಎಂದರು. ಲ್ಯಾಬು ಬಿದ್ದೂ ಬಿದ್ದೂ ನಕ್ಕಿತು. ಆಮೇಲೆ ಆಸಿಡ್ ಹಿಡಿದುಕೊಂಡು ಓಡಿದ್ದಕ್ಕೆ ಚೆನ್ನಾಗಿ ಬೈದರು. ಅದು ನ್ಯಾಯವೇ.

ಕೊಳ್ಳೇಗಾಲ ಅಂದರೆ ಊರಿನ ಹೆಸರು, ನಮ್ಮ ಪಾಲಿಗೆ ಆಸಾಮಿಯ ಹೆಸರೂ ಅದೇ. ಮೈಸೂರಿಗೆ ಓದಲು ಬಂದವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅಡ್ಮಿಷನ್ ಫಾರಂನಲ್ಲಿ ಮಾತ್ರ ಇರುತ್ತಿತ್ತು. ಒಂದೇ ಹೆಸರಿನವರು ಕ್ಲಾಸಿಗೆ ಐದು ಜನ, ಹಾಗಾಗಿ ಊರೇ ಗುರುತು. ರೂಮಿನಲ್ಲಿ ನಾವು ಮೂವರು: ಕೊಳ್ಳೇಗಾಲ, ಹುಣಸೂರು, ನಾನು ತಿಪಟೂರು. ಹುಣಸೂರಿನವನ ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು, ಮಗ ಬೀಡಿ ಸಹ ಮುಟ್ಟಿದವನಲ್ಲ. ಆದರೂ ಬರ್ನರ್ ಹಚ್ಚಲು ಬೆಂಕಿಪೊಟ್ಟಣ ಬೇಕಾದಾಗ ಇಡೀ ಲ್ಯಾಬು ಅವನ ಕಡೆಯೇ ತಿರುಗುತ್ತಿತ್ತು. ನಾನು ಅರಸೀಕೆರೆ, ಹಾಸನದ ಮೇಲೆ ಮೀಟರ್‌ಗೇಜ್ ರೈಲಿನಲ್ಲಿ ಕೊಬ್ಬರಿಯ ಚೀಲ ಹೊತ್ತು ಬರುತ್ತಿದ್ದೆ. ಚೀಲ ಖಾಲಿಯಾಗುವವರೆಗೆ ನನ್ನ ಮೇಲೆ ಎಲ್ಲರಿಗೂ ಅಪಾರ ಪ್ರೀತಿ.

ಕೊಳ್ಳೇಗಾಲದವನಾದ್ದರಿಂದ ಅವನಿಗೆ ಇನ್ನೊಂದು ಕಾಟವೂ ಇತ್ತು. ಆ ಊರು ರೇಷ್ಮೆಗೆ ಎಷ್ಟು ಹೆಸರುವಾಸಿಯೋ ಮಾಟ ಮಂತ್ರದ ಕಥೆಗಳಿಗೂ ಅಷ್ಟೇ. ಉಂಗುರ ಮಾಯವಾದ ದಿನ ಅಟೆಂಡರು ನಮ್ಮನ್ನು ಪಕ್ಕಕ್ಕೆ ಕರೆದು, "ಅವನ ತಂಟೆಗೆ ಹೋಗ್ಬೇಡಿ ಕಣ್ರಪ್ಪಾ, ಉಂಗುರಾನೇ ಮಾಯ ಮಾಡ್ದೋನು ನಿಮ್ಮನ್ನ ಬಿಟ್ಟಾನಾ?" ಎಂದು ಗಂಭೀರವಾಗಿ ಹೇಳಿದ. ಆಮೇಲೆ ಯಾರದಾದರೂ ಪೆನ್ನು ಕಳೆದರೂ ಇವನನ್ನೇ ವಿಚಾರಿಸುತ್ತಿದ್ದರು. ಅವನು ಬೇಸರ ಮಾಡಿಕೊಂಡವನಲ್ಲ. ಪರೀಕ್ಷೆಯ ಹಿಂದಿನ ದಿನ ನಿಂಬೆಹಣ್ಣು ಮಂತ್ರಿಸಿ ಕೊಡುವುದಾಗಿ ಹೇಳಿ, ಪಕ್ಕದ ರೂಮಿನವರಿಂದ ನಾಲ್ಕು ನಿಂಬೆಹಣ್ಣು ತರಿಸಿಕೊಂಡು ನಮಗೆಲ್ಲ ಪಾನಕ ಮಾಡಿಕೊಟ್ಟ.

"ಇತ್ತು ಸಾ" ಲ್ಯಾಬಿನಿಂದ ಹೊರಗೆ ಬರಲು ಎರಡು ದಿನವೂ ಬೇಕಾಗಲಿಲ್ಲ. ಮನಿಯಾರ್ಡರ್ ಬಂದು ವಾರವಾದ ಮೇಲೆ ಯಾರಾದರೂ ಸಾಲ ಕೇಳಿದರೆ, ಇತ್ತು ಸಾ. ಮೆಸ್ಸಿನ ಸಾರಿನಲ್ಲಿ ಬೇಳೆ? ಇತ್ತು ಸಾ. ಅಟೆಂಡೆನ್ಸು ಕಡಿಮೆಯೆಂದು ಆಫೀಸಿನಿಂದ ಚೀಟಿ ಬಂದಾಗ ಹುಣಸೂರು ಅದರ ಹಿಂದೆ ಇದೇ ಎರಡು ಪದ ಬರೆದು ಗೋಡೆಗೆ ಅಂಟಿಸಿದ್ದ.

ಲ್ಯಾಬಿನ ಇನ್ನೊಂದು ಪ್ರಸಂಗ ಹೇಳಿಬಿಡುತ್ತೇನೆ. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ ಎಂದು ಪುಸ್ತಕದಲ್ಲಿತ್ತು. ನಮ್ಮ ಮನೆಯಲ್ಲಿ ಮೊಟ್ಟೆ ತರುತ್ತಿರಲಿಲ್ಲ, ಒಳ್ಳೆಯ ಮೊಟ್ಟೆಯ ವಾಸನೆಯೇ ತಿಳಿಯದವನಿಗೆ ಕೊಳೆತದ್ದು ಹೇಗೆ ಗೊತ್ತಾಗಬೇಕು? ಕಿಪ್ ಉಪಕರಣದ ನಲ್ಲಿ ತಿರುಗಿಸಿದಾಗ ನನಗೆ ಹೊಳೆದದ್ದನ್ನು ಪ್ರಾಮಾಣಿಕವಾಗಿ ರೆಕಾರ್ಡಿನಲ್ಲಿ ಬರೆದೆ: "ಕೆಟ್ಟ ತೆಂಗಿನಕಾಯಿಯ ವಾಸನೆಯ ಅನಿಲ ಹೊರಬಂತು." ಮೇಷ್ಟ್ರು ಅದನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಬರೆದರು: "ತಿಪಟೂರಿಗೆ ಮಾತ್ರ ಅನ್ವಯ."

ನಮ್ಮ ಮೆಸ್ಸು ಇದ್ದದ್ದು ಸರಸ್ವತೀಪುರದಲ್ಲಿ. ಭಟ್ಟರ ಮನೆಯ ನಡುಮನೆಯೇ ಊಟದ ಹಾಲು, ಗೂಡಿನಲ್ಲಿ ಬೈಂಡು ಮಾಡಿಸಿಟ್ಟ 'ಕೊರವಂಜಿ'ಯ ಹಳೆಯ ಸಂಚಿಕೆಗಳು. ಡಾಕ್ಟರಾಗಿದ್ದ ರಾಶಿಯವರು 1942ರಲ್ಲಿ ಶುರು ಮಾಡಿದ ನಗೆಪತ್ರಿಕೆ, 1967ರಲ್ಲಿ ನಿಂತುಹೋಯಿತು. ನಮ್ಮೂರಿನ ಹೆಮ್ಮೆ ಎಂದು ಭಟ್ಟರು ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಅದಕ್ಕೆ ಬರೆದ ಚಿತ್ರಗಳನ್ನು ಕೈ ಒರೆಸಿಕೊಂಡೇ ತೋರಿಸುತ್ತಿದ್ದರು. ಪತ್ರಿಕೆ ನಿಂತಾಗ ನಮಗೆ ಹೆಚ್ಚೆಂದರೆ ಒಂದು ವರ್ಷ. ಯುದ್ಧಕಾಲದ ರೇಷನ್ನು, ಸೀಮೆಎಣ್ಣೆಯ ಕ್ಯೂ ಇವುಗಳ ಮೇಲಿನ ಹಾಸ್ಯ ಓದಿ ಭಟ್ಟರು ಹೊಟ್ಟೆ ಹಿಡಿದುಕೊಂಡು ನಗುವರು, ನಾವು ಪಿಳಿಪಿಳಿ ನೋಡುತ್ತ ಕೂರುವೆವು. ಅವರು ನಗು ನಿಲ್ಲಿಸಿ ಅರ್ಥ ವಿವರಿಸುವರು. ವಿವರಿಸಿದಷ್ಟೂ ಅವರ ಮುಖ ಸಪ್ಪೆಯಾಗುತ್ತಿತ್ತು. ಕೊನೆಗೆ "ಹೋಗ್ಲಿ ಬಿಡಿ, ಮಜ್ಜಿಗೆ ಹಾಕ್ಲಾ?" ಅನ್ನುವರು.

ಭಟ್ಟರ ಆ ಮುಖ ಏನೆಂದು ತಿಳಿದದ್ದು ನನ್ನ ಮದುವೆಯಾದ ಮೇಲೆ. ಒಂದು ಸಂಜೆ ನನ್ನಾಕೆಗೆ ಬ್ರೌನ್ ರಿಂಗಿನ ಕಥೆಯನ್ನು ಕೈಬಾಯಿ ತಿರುಗಿಸಿ, ಅಭಿನಯ ಸಮೇತ ಹೇಳಿದೆ. ಅವಳು ಹುರುಳಿಕಾಯಿ ಮುರಿಯುತ್ತಲೇ ಕೇಳಿ, "ಅಲುಗಾಡಿಸಿದ್ರೆ ಯಾವುದಾದ್ರೂ ಕಲಸಿ ಹೋಗಲ್ವೇನ್ರೀ? ಅದ್ರಲ್ಲಿ ನಗೋದೇನಿದೆ?" ಎಂದಳು. ನಾನು ಆರು ಬೆಂಚು ಓಡಿಬಂದು ಮೇಷ್ಟ್ರ ಮುಂದೆ ನಿಂತಿದ್ದೆ. ಈ ಲೇಖನ ಓದುತ್ತಿರುವ ಮಕ್ಕಳಿಗೂ ಹಾಗೇ ಅನ್ನಿಸಿದರೆ ತಪ್ಪು ನಿಮ್ಮದಲ್ಲ, ನನ್ನ ಕೈಯದು.

ಇನ್ನು ಚಾಮುಂಡಿ ಬೆಟ್ಟದ ಜಗಳ. ಅದು ಇನ್ನೂ ಇತ್ಯರ್ಥವಾಗಿಲ್ಲ. ಎರಡನೇ ವರ್ಷದ ಪರೀಕ್ಷೆ ಮುಗಿದ ಭಾನುವಾರ ಬೆಳಗ್ಗೆ ಮೂವರೂ ಮೆಟ್ಟಿಲು ಹತ್ತಿದೆವು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಮೆಟ್ಟಿಲುಗಳು, ಲೆಕ್ಕ ಸಾವಿರದೆಂಟು ಎಂದು ಊರೆಲ್ಲ ಹೇಳುತ್ತದೆ. ಸೈನ್ಸ್ ಓದುವ ನಾವು ಊರಿನ ಮಾತು ನಂಬುವುದುಂಟೇ? ಯಾರೂ ಮಾತಾಡಕೂಡದು, ಮನಸ್ಸಿನಲ್ಲೇ ಎಣಿಸಬೇಕು, ಮೇಲೆ ಹೋಗಿ ಹೇಳಬೇಕು ಎಂದು ಕರಾರಾಯಿತು. ಏಳುನೂರರ ಸುಮಾರಿಗೆ ನಂದಿ ಸಿಕ್ಕಿತು. ಅಷ್ಟು ದೊಡ್ಡ ನಂದಿಯನ್ನು ನೋಡಿಯೂ ಬಾಯಿ ತೆರೆಯದೆ, ಕೈ ಮುಗಿದು, ಕಡಲೆಕಾಯಿ ಮಾರುವ ಅಜ್ಜಿಗೆ ಸನ್ನೆಯಲ್ಲೇ ಎರಡು ಪೊಟ್ಟಣ ಎಂದು ತೋರಿಸಿದೆವು. ಅಜ್ಜಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ಮೂರೂ ಮೂಗ್ವೇ, ಪಾಪ" ಎಂದು ಒಂದೊಂದು ಹಿಡಿ ಜಾಸ್ತಿ ಹಾಕಿತು. ಆಗ ನಗು ತಡೆದುಕೊಂಡದ್ದು ನನ್ನ ಜೀವನದ ದೊಡ್ಡ ಸಾಧನೆಗಳಲ್ಲೊಂದು.

ಮೇಲೆ ಹೋಗಿ ಲೆಕ್ಕ ಒಪ್ಪಿಸಿದೆವು. ನನ್ನದು 994. ಹುಣಸೂರಿನದು ಸರಿಯಾಗಿ 1008. ಅವನು ಲ್ಯಾಬಿನಲ್ಲೂ ಹಾಗೆಯೇ, ಪುಸ್ತಕದಲ್ಲಿ ಇರುವ ರೀಡಿಂಗೇ ಅವನಿಗೆ ಬರುವುದು. ಕೊಳ್ಳೇಗಾಲದವನದು 1061. ಇದೆಲ್ಲಿಂದ ಬಂತೋ ಎಂದು ವಿಚಾರಿಸಿದರೆ, ನಡುವೆ ಬಿದ್ದುಹೋದ ಕರವಸ್ತ್ರ ತರಲು ಇಳಿದದ್ದು, ಮತ್ತೆ ಹತ್ತಿದ್ದು ಎರಡನ್ನೂ ಸೇರಿಸಿಕೊಂಡಿದ್ದಾನೆ. "ನಾನ್ ಕಾಲಿಟ್ಟ ಮೆಟ್ಲನ್ನೆಲ್ಲ ಎಣಿಸ್ದೆ ಕಣ್ರುಡಾ. ಮೆಟ್ಲು ನಂಗೆ ಸುಳ್ಳೇಳಲ್ಲ," ಎಂಬುದು ಅವನ ವಾದ. ಈಗಲೂ ಅದೇ ವಾದ. ನಾಲ್ಕು ವರ್ಷದ ಹಿಂದೆ ಮತ್ತೆ ಎಣಿಸಿ ತೀರ್ಮಾನ ಮಾಡೋಣವೆಂದು ಹೋದೆವು. ಹತ್ತಲು ಮಂಡಿ ಒಪ್ಪಲಿಲ್ಲ, ಬಸ್ಸಿನಲ್ಲಿ ಮೇಲೆ ಹೋಗಿ ಇಳಿಯುತ್ತ ಎಣಿಸಲು ಶುರು ಮಾಡಿದೆವು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಂದಿಯ ಹತ್ತಿರ ಕೂತು ಆಟೋ ಕರೆಸಿಕೊಂಡೆವು. "ಮಂಡೀಲಿ ಶಕ್ತಿ..." ಎಂದು ಹುಣಸೂರು ಶುರು ಮಾಡಿದ. ಮುಗಿಸಬೇಕಾಗಲಿಲ್ಲ.

1987ರಲ್ಲಿ ಪಾಸಾದೆವು. ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲಿ "ನ ಹಿ ಜ್ಞಾನೇನ ಸದೃಶಂ" ಎಂದಿದೆ, ಜ್ಞಾನಕ್ಕೆ ಸಮನಾದದ್ದು ಇಲ್ಲ ಎಂದು. ಕೊಳ್ಳೇಗಾಲ ತನ್ನ ಮಾರ್ಕ್ಸ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿ, "ಮೇಲೆ ಬರ್ದಿರೋದಕ್ಕೂ ಕೆಳಗೆ ಬರ್ದಿರೋದಕ್ಕೂ ಸಂಬಂಧಾನೇ ಇಲ್ವಲ್ಲೋ" ಎಂದ.

ಆಮೇಲಿನದು ಎಲ್ಲರ ಕಥೆಯೇ. ನಾನು ಬ್ಯಾಂಕು ಸೇರಿ ಊರೂರು ತಿರುಗಿದೆ. ಹುಣಸೂರು ಎಂ.ಎಸ್ಸಿ. ಮಾಡಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಉಪನ್ಯಾಸಕನಾದ. ಕೊಳ್ಳೇಗಾಲದವನಿಗೆ ಸಿಕ್ಕಿದ್ದು ಕರೆಂಟಿನ ಕೆಲಸ. ಬೇಸಿಗೆಯ ರಾತ್ರಿ ಯಾರಾದರೂ ಫೋನು ಮಾಡಿ "ಕರೆಂಟ್ ಎಲ್ರೀ?" ಎಂದು ರೇಗಿದರೆ ಅವನು ಏನು ಉತ್ತರ ಕೊಡುತ್ತಿದ್ದನೆಂದು ನಾನು ಬರೆಯಬೇಕಾಗಿಲ್ಲ. ಅವನ ಮದುವೆಯಲ್ಲಿ ಉಂಗುರ ತೊಡಿಸುವ ಹೊತ್ತಿಗೆ ನಾವಿಬ್ಬರೂ ಮಂಟಪದ ಹತ್ತಿರವೇ ನಿಂತಿದ್ದೆವು. "ಅಲುಗಾಡ್ಬೇಡ ಕಣೋ, ಹಂಗೇ ಹಿಡ್ಕೊ" ಎಂದು ಹುಣಸೂರು ಪಿಸುಗುಟ್ಟಿದ. ವರ ಗೊಳ್ಳೆಂದು ನಕ್ಕ. ಹೆಣ್ಣಿನ ಸೋದರಮಾವ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದ್ದನ್ನು ನೆನೆದರೆ ಈಗಲೂ ಸ್ವಲ್ಪ ಭಯವಾಗುತ್ತದೆ.

2019ರಲ್ಲಿ ಹುಣಸೂರಿಗೆ ಎದೆನೋವು ಬಂತು, ಸ್ಟೆಂಟ್ ಹಾಕಿದರು. ನಾನು ರಾತ್ರಿ ಬಸ್ಸು ಹಿಡಿದು ಬಂದೆ. ಕೊಳ್ಳೇಗಾಲ ಆಗಲೇ ಐಸಿಯು ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದ, ಮಾತಿಲ್ಲ. ಬೆಳಗ್ಗೆ ಒಬ್ಬರನ್ನು ಒಳಗೆ ಬಿಡುತ್ತೇವೆ ಎಂದರು, ಅವನನ್ನೇ ಕಳಿಸಿದೆ. ಹೋಗಿ ಎರಡೇ ನಿಮಿಷದಲ್ಲಿ ಹೊರಗೆ ಬಂದ. ಭುಜ ಕುಲುಕುತ್ತಿತ್ತು, ಅಳುತ್ತಿದ್ದಾನೆಂದು ನನ್ನ ಜೀವವೇ ಹೋಯಿತು. ಆಗಿದ್ದಿಷ್ಟೇ: ಚಿಕ್ಕ ವಯಸ್ಸಿನ ಡಾಕ್ಟರು ರೌಂಡ್ಸಿಗೆ ಬಂದು, "ನೋವಿದೆಯಾ ಸರ್?" ಎಂದು ಕೇಳಿದ್ದಾರೆ. ಪೇಷಂಟು ಮೂಗಿನ ನಳಿಕೆಯ ಸಮೇತ ಉತ್ತರ ಕೊಟ್ಟಿದೆ. ಡಾಕ್ಟರು ನಗಲಿಲ್ಲವಂತೆ. ಕೇಸ್ ಶೀಟಿನಲ್ಲಿ "ನೋವಿಲ್ಲ" ಎಂದು ಬರೆದುಕೊಂಡು ಮುಂದೆ ಹೋದರಂತೆ.

ಮ್ಯಾಗಜೀನಿಗೆ ಬರೆದುಕೊಡಿ ಎಂದು ಕೇಳಲು ಬಂದ ವಿದ್ಯಾರ್ಥಿ ಸಂಪಾದಕಿ, "ಸ್ಫೂರ್ತಿ ಬರೋ ಹಾಗೆ ಇರ್ಲಿ ಸರ್" ಎಂದು ಹೇಳಿ ಹೋದಳು. ಬರೆಯುವ ಮೊದಲು ಲ್ಯಾಬು ನೋಡಿಬರೋಣವೆಂದು ಹೋಗಿದ್ದೆ. ಬೆಂಚುಗಳಿಗೆ ಗ್ರಾನೈಟ್ ಹಾಕಿದ್ದಾರೆ. ಆಸಿಡ್ ಬಿದ್ದು ಕಪ್ಪಾಗಿದ್ದ ಮರದ ಹಲಗೆ ಇಲ್ಲ. ಹಳೆಯ ಲೆಕ್ಕದಲ್ಲಿ ಮೇಷ್ಟ್ರ ಮೇಜಿದ್ದ ಕಡೆಗೆ ನಡೆದು ಬೆಂಚು ಎಣಿಸಿದೆ. ಐದೇ ಇವೆ. ಫೋನು ಮಾಡಿ ಹೇಳಿದರೆ ಕೊಳ್ಳೇಗಾಲ ಒಪ್ಪಲಿಲ್ಲ, ಅವನ ಲೆಕ್ಕದಲ್ಲಿ ಆಗಲೂ ಏಳು.

ಹುಣಸೂರಿನದು ಈಗ ಕೊನೆಯ ಬ್ಯಾಚು, ನಿವೃತ್ತಿ ಹತ್ತಿರ ಬಂದಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಬ್ಯಾಚಿಗೂ ಬ್ರೌನ್ ರಿಂಗ್ ಟೆಸ್ಟ್ ಹೇಳಿಕೊಡುವಾಗ ಅವನು ಒಂದು ಮಾತು ತಪ್ಪದೆ ಸೇರಿಸುತ್ತಾನೆ. ಕಥೆ ಹೇಳುವುದಿಲ್ಲ, ಮುಖದಲ್ಲಿ ನಗುವೂ ಇರುವುದಿಲ್ಲ. ಹೋದ ವಾರ ಒಬ್ಬಳು ಹುಡುಗಿಯ ರೆಕಾರ್ಡಿನ ಪುಟದ ಫೋಟೋ ತೆಗೆದು ನಮ್ಮಿಬ್ಬರಿಗೂ ಕಳಿಸಿದ್ದ. ದುಂಡನೆಯ ಅಕ್ಷರ, ಸ್ಕೇಲಿಟ್ಟು ಎಳೆದ ಗೆರೆ, ಮುನ್ನೆಚ್ಚರಿಕೆಗಳು ಎಂಬ ಶೀರ್ಷಿಕೆ. ಆಸಿಡ್ಡನ್ನು ನಿಧಾನವಾಗಿ ಸೇರಿಸಬೇಕು. ಪ್ರನಾಳವನ್ನು ಅಲುಗಾಡಿಸಬಾರದು. ಅದರ ಕೆಳಗೆ: ಉಂಗುರ ಕಂಡ ನಂತರ ವಿದ್ಯಾರ್ಥಿಯು ಓಡಬಾರದು, ಉಪನ್ಯಾಸಕರನ್ನೇ ಬೆಂಚಿನ ಬಳಿಗೆ ಕರೆಯಬೇಕು.

ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಮಾರ್ಕು, ಕೆಳಗೆ ಅವನ ಸಹಿ.