ಕೆಂಪು ಅಂಗಿಯ ಅರವತ್ತು

ಈ ಜೂನ್‌ನಲ್ಲಿ ನನಗೆ ಅರವತ್ತು ತುಂಬಿತು. ಇಲ್ಲಿ ಜಪಾನಿನಲ್ಲಿ ಅದಕ್ಕೆ ಕನ್ರೆಕಿ ಅಂತಾರೆ. ತೋಳಿಲ್ಲದ ಕೆಂಪು ಅಂಗಿ ತೊಡಿಸಿ, ತಲೆಗೊಂದು ಕೆಂಪು ಟೋಪಿ ಇಟ್ಟು ಫೋಟೋ ತೆಗೆಯುತ್ತಾರೆ. ಹಿಂದೆ ಎಳೆಮಕ್ಕಳಿಗೆ ಕೆಂಪು ಬಟ್ಟೆ ಹಾಕುತ್ತಿದ್ದರಂತೆ. ಅರವತ್ತಾಯಿತು ಅಂದರೆ ಮತ್ತೆ ಹುಟ್ಟಿದ ಲೆಕ್ಕ. "ಕೆಂಪು ಸೀರೆ ಉಡ್ತೀನಿ, ಸಾಕಲ್ವಾ?" ಅಂದೆ. ಮಗಳು ಬಿಡಲಿಲ್ಲ.

ಅರವತ್ತೇ ಯಾಕೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಾಗೇ ಇವರದೂ ಅರವತ್ತು ವರ್ಷದ ಸುತ್ತು. ನಾನು ಹುಟ್ಟಿದ 1966 ನಮ್ಮಲ್ಲಿ ಪರಾಭವ ಸಂವತ್ಸರ, ಈ 2026ರ ಯುಗಾದಿಗೆ ಬಂದದ್ದೂ ಪರಾಭವವೇ. ಇಲ್ಲಿ ಅದು ಬೆಂಕಿ ಕುದುರೆಯ ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕಂಟಕ ಅನ್ನೋ ನಂಬಿಕೆ ಬೇರೆ. ಬರೀ ಬಾಯಿಮಾತಲ್ಲ. 1966ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಬುಲೆಟ್ ರೈಲು ಓಡಲು ಶುರುವಾಗಿ ಎರಡು ವರ್ಷವಾಗಿದ್ದ ದೇಶದಲ್ಲಿ! (ನಮ್ಮ ಯಜಮಾನರು ಗಟ್ಟಿಮುಟ್ಟಾಗಿದ್ದಾರೆ, ಚಿಂತೆ ಬೇಡ.)

ಹಾರೈಸಿದವರಿಗೆಲ್ಲ ಥ್ಯಾಂಕ್ಸ್ ಹೇಳುವಾಗ ನೆನಪಾದದ್ದು ಕೆಳಗಿನ ಮನೆಯ ಅಜ್ಜಿ. ಈಗ ಅವರಿಲ್ಲ. ನಾವು ಟೋಕಿಯೊದ ನಿಶಿಕಸಾಯಿಗೆ ಬಂದಾಗ ಮಗಳು ಇಲ್ಲಿನ ಸರಕಾರಿ ಶಾಲೆಗೆ ಸೇರಿದಳು. ದಿನಾ ಬ್ಯಾಗಿನಿಂದ ಒಂದು ಚೀಟಿ ಬರೋದು. ಪೂರ್ತಿ ಕಾಂಜಿ, ಅಂದರೆ ಚೀನಾದಿಂದ ಬಂದ ಲಿಪಿ, ನನಗೆ ಒಂದಕ್ಷರ ಬರದು. ಅಜ್ಜಿ ಕನ್ನಡಕ ಏರಿಸಿ ಓದಿ, ಬೇಕಾದ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೀರು ಎಳೆದು, ಕೈಸನ್ನೆ ಮಾಡಿ ತಿಳಿಸೋರು. ಒಮ್ಮೆ "ಝೋಕಿನ್ ಎರಡು ತನ್ನಿ" ಅಂತ ಬಂತು. ನೆಲ ಒರೆಸೋ ಬಟ್ಟೆ. ತರಗತಿಯನ್ನು ಮಕ್ಕಳೇ ಒರೆಸುತ್ತಾರಲ್ಲ, ಅದಕ್ಕೆ. ನಾನು ಒಂದು ಹಳೇ ಬನಿಯನ್ ಹುಡುಕುತ್ತಿದ್ದೆ. ಅಜ್ಜಿ ತಮ್ಮ ಮನೆಯ ಟವೆಲ್ ತಂದು, ನಾಲ್ಕು ಮಡಿಕೆ ಮಾಡಿ, ಅಂಚಿಗೂ ಅಡ್ಡಡ್ಡಕ್ಕೂ ದಪ್ಪ ದಾರದಲ್ಲಿ ಹೊಲಿದು ತೋರಿಸಿದರು. ಎರಡನೆಯದನ್ನು ನನ್ನ ಕೈಯಲ್ಲೇ ಹೊಲಿಸಿದರು.

ಆಫೀಸಿನಲ್ಲಿ ನನ್ನದು ಅರವತ್ತಕ್ಕೆ ನಿವೃತ್ತಿ. ಆದರೆ ಕೇಳಿದವರಿಗೆ ಅರವತ್ತೈದರವರೆಗೆ ಕೆಲಸ ಕೊಡಬೇಕು ಅಂತ ಇಲ್ಲಿ ಕಾನೂನಿದೆ. ಹೆಚ್ಚಿನ ಕಂಪನಿಗಳು ನಿವೃತ್ತಿ ಮಾಡಿಸಿ, ಕಡಿಮೆ ಸಂಬಳಕ್ಕೆ ಮತ್ತೆ ತಗೊಳ್ಳುತ್ತವೆ. ಹೊಸದರಲ್ಲಿ ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ? ಕೊನೆಗೆ ನಾನೇ ಕೇಳಿ ವಾರಕ್ಕೆ ಮೂರು ದಿನ ಮಾಡಿಸಿಕೊಂಡೆ.

ಉಳಿದ ದಿನಗಳಲ್ಲಿ ಅಜ್ಜಿಯ ಕೆಲಸ ಹಿಡಿದಿದ್ದೇನೆ. ನಿಶಿಕಸಾಯಿಯಲ್ಲಿ ಈಗ ನಮ್ಮ ದೇಶದವರು ತುಂಬಾ ಜನ. ಈಚೆಗೆ ಬಂದ ತಾಯಂದಿರು ಚೀಟಿ ಹಿಡಿದು ಮನೆಗೆ ಬರುತ್ತಾರೆ. ಮೊಬೈಲ್ ಅನುವಾದ ಮಾಡುತ್ತಲ್ಲ, ನೀವ್ಯಾಕೆ ಅಂತ ಯಜಮಾನರು ಕೇಳಿದರು. ಮೊಬೈಲ್ "ಬಟ್ಟೆ ತನ್ನಿ" ಅನ್ನುತ್ತೆ ಅಷ್ಟೆ. ಹೇಗೆ ಹೊಲಿಯಬೇಕು, ಹೊಲಿಯೋಕೆ ಪುರುಸೊತ್ತಿಲ್ಲದಿದ್ದರೆ ನೂರು ಯೆನ್ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತೆ, ತಂದರೆ ಟೀಚರ್ ಏನೂ ಅನ್ನಲ್ಲ, ಇದನ್ನೆಲ್ಲ ಪಕ್ಕದಲ್ಲಿ ಕೂತು ಯಾರಾದರೂ ಹೇಳಬೇಕು.

ಶಾಲೆ ಚೀಟಿ ಈಗ ನನಗೆ ಸಲೀಸು. ತೆರಿಗೆ, ಪಿಂಚಣಿ ಕಾಗದ ಬಂದರೆ ಮಾತ್ರ ತಡವರಿಸುತ್ತೇನೆ. ಅದಕ್ಕೇ ಡಿಸೆಂಬರ್‌ನ ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್2 (ಐದು ಹಂತಗಳಲ್ಲಿ ಮೇಲಿನಿಂದ ಎರಡನೆಯದು) ಕಟ್ಟೋಣ ಅಂತಿದ್ದೇನೆ. ಅಕ್ಕಪಕ್ಕ ಕೂರೋರೆಲ್ಲ ಇಪ್ಪತ್ತರ ಹುಡುಗರು. ಇರಲಿ, ಲೆಕ್ಕದ ಪ್ರಕಾರ ನಾನು ಅವರಿಗಿಂತ ಚಿಕ್ಕವಳು.