ಅಡಿಕೆ ಸುಲಿಯುವ ಹೊತ್ತಿಗೆ ಪ್ರೊಗ್ರೆಸಿವ್ ರಾಕ್

ಪೆರ್ಲ, ಕಾಸರಗೋಡು
ಆದಿತ್ಯವಾರ, 13 ಜುಲೈ 2025

ಇಷ್ಟದ ಹತ್ತು ಆಲ್ಬಂ ಹೇಳು ಎಂದರೆ ಒಂಬತ್ತರ ವಿಷಯದಲ್ಲಿ ನನ್ನ ಮಾತು ಆಗಾಗ ಬದಲಾಗುತ್ತದೆ. ಹತ್ತನೆಯದು ಮಾತ್ರ ಕದಲುವುದಿಲ್ಲ: ಕಿಂಗ್ ಕ್ರಿಮ್ಸನ್ ತಂಡದ ‘ರೆಡ್’, 1974ರದ್ದು. ಉದ್ದುದ್ದ ಹಾಡು, ತೊಡಕಿನ ಲಯಗಳ ಪ್ರೊಗ್ರೆಸಿವ್ ರಾಕ್ ಸಂಗೀತ. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅದನ್ನು ಮೊದಲಿನಿಂದ ಕೊನೆಯವರೆಗೆ ಹಾಕಿದೆ. ಹೊರಗೆ ಇಳಿಯುವ ಹಾಗಿರಲಿಲ್ಲ. ಈ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ಹೊತ್ತಿಗೇ ಹಿಡಿದ ಮಳೆ, ಆಟಿ ತಿಂಗಳು ಹತ್ತಿರ ಬಂದರೂ ಸರಿಯಾಗಿ ಹೊಳವಾಗಿಲ್ಲ. ತೋಟಕ್ಕೆ ಮದ್ದು ಬಿಡಲು ಬಿಸಿಲಿಗೆ ಕಾಯುತ್ತಿದ್ದೇವೆ. ಅಲ್ಲಿಯವರೆಗೆ ಚಾವಡಿಯಲ್ಲಿ ಗೋಣಿ ಹಾಸಿ ಕೂತು ಅಡಿಕೆ ಸುಲಿಯುವುದು, ಸುಲಿಯುತ್ತ ಕೇಳುವುದು.

ಜೊತೆಗೆ ಭಾವ ಇದ್ದರು. ಹವ್ಯಾಸಿ ಮದ್ದಳೆಗಾರರು, ಮಳೆಗಾಲದಲ್ಲಿ ತಾಳಮದ್ದಳೆ (ವೇಷವಿಲ್ಲದ ಯಕ್ಷಗಾನ) ಕೂಟಕ್ಕೆ ಕರೆ ಬಂದರೆ ಇಲ್ಲವೆನ್ನುವವರಲ್ಲ. ನನ್ನ ಸಂಗೀತವನ್ನು ಅವರು ‘ನಿನ್ನ ಗಲಾಟೆ’ ಎಂದೇ ಕರೆಯುವುದು. ಮೊದಲ ನಾಲ್ಕು ಹಾಡುಗಳನ್ನು ಅವರು ಸಹಿಸಿಕೊಂಡರು, ಅಷ್ಟೆ. ಕೊನೆಯದು ‘ಸ್ಟಾರ್‌ಲೆಸ್’, ಹನ್ನೆರಡು ನಿಮಿಷದ ಹಾಡು. ಮೊದಲ ನಾಲ್ಕು ನಿಮಿಷ ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯ, ಸ್ಯಾಕ್ಸೊಫೋನ್, ಜಾನ್ ವೆಟ್ಟನ್‌ನ ಸಂಕಟದ ದನಿ. ಆಮೇಲೆ ಹಾಡುವುದು ನಿಂತು, ಬೇಸ್ ಗಿಟಾರ್ ಹದಿಮೂರು ಎಣಿಕೆಯ ಒಂದು ಸುತ್ತನ್ನು ಹಿಡಿಯುತ್ತದೆ. ಅದರ ಮೇಲೆ ರಾಬರ್ಟ್ ಫ್ರಿಪ್ ಗಿಟಾರಿನಲ್ಲಿ ನುಡಿಸುವುದು ಒಂದೇ ಸ್ವರ. ಅದನ್ನೇ ಮೀಟುತ್ತಾನೆ, ಮತ್ತೆ ಮೀಟುತ್ತಾನೆ, ಕೇಳುವವನಿಗೆ ಸಾಕೆನಿಸುವ ಹೊತ್ತಿಗೆ ಕೂದಲೆಳೆಯಷ್ಟು ಮೇಲಕ್ಕೆ ಸರಿಸುತ್ತಾನೆ. ಡ್ರಮ್ಸ್ ಬಾರಿಸಬೇಕಾದ ಬಿಲ್ ಬ್ರೂಫೋರ್ಡ್ ಮರದ ತುಂಡಿನ ಮೇಲೆ ಅಲ್ಲೊಂದು ಇಲ್ಲೊಂದು ಪೆಟ್ಟು ಹಾಕಿ ಸುಮ್ಮನಾಗುತ್ತಾನೆ.

ಭಾವನ ಕತ್ತಿ ನಿಂತಿತು. ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡತೊಡಗಿತು. ಸುತ್ತು ಮುಗಿಯುವಲ್ಲಿ ಬೆರಳು ಹಾದಿ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು.

“ಇದು ಯಾವ ತಾಳ ಮಾರಾಯ?”

“ನೀವೇ ಎಣಿಸಿ ಭಾವ.”

ಎಣಿಸಿದರು. “ಹದಿಮೂರು! ತ್ರಿವುಡೆಯ ಏಳಕ್ಕೆ ರೂಪಕದ ಆರು ಕಟ್ಟಿ ಕೂತಿದ್ದಾನೆ ಪುಣ್ಯಾತ್ಮ.”

ಫ್ರಿಪ್ ಹಾಗೆ ಕಟ್ಟಿದನೋ ಇಲ್ಲವೋ, ಲೆಕ್ಕ ಸರಿಹೋಯಿತು. ಆಮೇಲೆ ಆ ಬಿಗಿ ಒಡೆದು ಎಲ್ಲ ವಾದ್ಯಗಳೂ ಒಮ್ಮೆಗೇ ನುಗ್ಗಿ, ಕಟ್ಟಕಡೆಗೆ ಮೊದಲಿನ ರಾಗವೇ ಸ್ಯಾಕ್ಸೊಫೋನಿನಲ್ಲಿ ಎತ್ತರದ ದನಿಯಲ್ಲಿ ಮರಳಿದಾಗ ಭಾವ ಗಲಾಟೆ ಎನ್ನಲಿಲ್ಲ. ಈ ಆಲ್ಬಂ ಅಂಗಡಿಗೆ ಬರುವ ಮೊದಲೇ ಫ್ರಿಪ್ ತಂಡ ಮುಗಿಯಿತೆಂದು ಸಾರಿಬಿಟ್ಟಿದ್ದ. ಇಂಥದ್ದೊಂದನ್ನು ಮಾಡಿಟ್ಟ ಮೇಲೆ ಅಂಗಡಿ ಮುಚ್ಚಿದರೂ ನಡೆಯುತ್ತದೆ.

ಪ್ರೊಗ್ರೆಸಿವ್ ರಾಕ್ ಎಂದೊಡನೆ ಜನ ಹೇಳುವ ಮೊದಲ ದೂರು ಉದ್ದದ್ದು. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದ ಊರಿನವರಿಗೆ ಇಪ್ಪತ್ತು ನಿಮಿಷದ ಹಾಡೊಂದು ಉದ್ದವೆನಿಸಬಾರದು. ಈಗ ಆಟವೂ ಕಾಲಮಿತಿಗೆ ಬಂದಿದೆ, ಆ ಮಾತು ಬೇರೆ. ನನ್ನ ತಕರಾರು ಇಷ್ಟೇ: ಉದ್ದಕ್ಕೆ ಒಳಗಿನಿಂದ ಕಾರಣ ಇರಬೇಕು. ಎಪ್ಪತ್ತರ ದಶಕದಲ್ಲಿ ಆ ಕಾರಣವನ್ನು ಗ್ರಾಮಫೋನ್ ತಟ್ಟೆಯೇ ಒದಗಿಸುತ್ತಿತ್ತು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಇಪ್ಪತ್ತು ಚಿಲ್ಲರೆ ನಿಮಿಷ. ಯೆಸ್ ತಂಡದ ‘ಕ್ಲೋಸ್ ಟು ದಿ ಎಜ್’ (1972) ಒಂದು ಮಗ್ಗುಲನ್ನು ಪೂರ್ತಿ ತುಂಬಿತು, ರಶ್ ತಂಡದ ‘2112’ (1976) ಕೂಡ ಹಾಗೆಯೇ. ಜೆತ್ರೋ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ (1972) ಎರಡು ಮಗ್ಗುಲಿಗೂ ಹರಡಿದ ಒಂದೇ ಹಾಡು. ಹಿಂದಿನ ಆಲ್ಬಮಿನಲ್ಲಿ ವಿಮರ್ಶಕರು ಇಲ್ಲದ ಕಥೆಯನ್ನು ಹುಡುಕಿದ್ದಕ್ಕೆ ತಂಡದ ಗಾಯಕ ಇಯಾನ್ ಆ್ಯಂಡರ್ಸನ್ ಕೊಟ್ಟ ಕುಚೋದ್ಯದ ಉತ್ತರ ಅದು. ಎಂಟು ವರ್ಷದ ಹುಡುಗನೊಬ್ಬ ಬರೆದ ಕವಿತೆ ಎಂದು ನಟಿಸಿ, ಹೊದಿಕೆಯನ್ನೇ ಸುಳ್ಳು ಸುದ್ದಿಗಳ ಪತ್ರಿಕೆಯಾಗಿ ಅಚ್ಚು ಹಾಕಿಸಿದ. ತಮಾಷೆಗೆಂದು ಮಾಡಿದ್ದು ಇವತ್ತಿಗೂ ಅದರ ಜಾತಿಯ ಒಳ್ಳೆಯ ಆಲ್ಬಮುಗಳಲ್ಲಿ ಒಂದು. ತಟ್ಟೆ ಹೋಗಿ ಸಿಡಿ ಬಂದ ಮೇಲೆ ಎಪ್ಪತ್ತೈದು ನಿಮಿಷಕ್ಕೂ ಮಿಕ್ಕಿ ಜಾಗ ಸಿಕ್ಕಿತು. ಸಿಕ್ಕಿದ್ದನ್ನೆಲ್ಲ ತುಂಬಿದರು. ತೊಂಬತ್ತರ ನಂತರದ, ಇದೇ ರಾಕ್‌ನ ಗಡುಸು ರೂಪವಾದ ಪ್ರೊಗ್ರೆಸಿವ್ ಮೆಟಲ್‌ನ ಅರ್ಧ ಬೊಜ್ಜು ಅಲ್ಲಿಂದ ಬಂದದ್ದು.

ರಶ್ ಬಗ್ಗೆ ಇನ್ನೂ ಎರಡು ಮಾತು ಹೇಳದಿದ್ದರೆ ಊಟ ಸೇರುವುದಿಲ್ಲ. ಹಿಂದಿನ ಆಲ್ಬಂ ಮಾರಾಟವಾಗಲಿಲ್ಲ, ಸಣ್ಣ ಹಾಡು ಮಾಡಿ ಎಂದು ಕಂಪೆನಿ ಒತ್ತಾಯಿಸುತ್ತಿದ್ದಾಗ ಈ ಮೂವರು ‘2112’ ಮಾಡಿದರು. ಸಂಗೀತವನ್ನೇ ಮರೆಸಿದ ಪುರೋಹಿತರ ಆಳ್ವಿಕೆ, ಜಲಪಾತದ ಹಿಂದಿನ ಗುಹೆಯಲ್ಲಿ ಒಬ್ಬನಿಗೆ ಸಿಗುವ ಹಳೆಯ ಗಿಟಾರ್. ಅವನು ಅದರ ಕಿವಿ ಹಿಂಡಿ ಶ್ರುತಿ ಕೂಡಿಸಿಕೊಳ್ಳುವುದನ್ನು ಅಲೆಕ್ಸ್ ಲೈಫ್‌ಸನ್ ಹಾಗೆಯೇ ನುಡಿಸಿ ತೋರಿಸುತ್ತಾನೆ. ಆದರೂ ಪಟ್ಟಿಗೆ ನಾನು ಸೇರಿಸುವುದು 1981ರ ‘ಮೂವಿಂಗ್ ಪಿಕ್ಚರ್ಸ್’. ಅದರಲ್ಲಿ ಹಾಡುಗಾರಿಕೆ ಇಲ್ಲದ ಒಂದು ತುಣುಕಿದೆ, ಹೆಸರು ‘ವೈ ವೈ ಝಡ್’. ಅದು ಟೊರೊಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರ. ಆ ಮೂರು ಅಕ್ಷರಗಳನ್ನು ತಂತಿ ಸಂದೇಶದ ಮೋರ್ಸ್ ಲಿಪಿಯಲ್ಲಿ ಹೇಗೆ ಕುಟ್ಟುತ್ತಾರೋ ಅದೇ ಲಯದಲ್ಲಿ ಹಾಡು ಶುರುವಾಗುತ್ತದೆ. ಗೆರೆಗೆ ಎರಡು ಮಾತ್ರೆ, ಚುಕ್ಕಿಗೆ ಒಂದು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಗುರು, ಲಘು, ಗುರು, ಗುರು, ಅಲ್ಲಿಗೆ ಏಳು. ಮತ್ತೊಮ್ಮೆ ಅದೇ ಏಳು. ಕೊನೆಯ ಅಕ್ಷರಕ್ಕೆ ಎರಡು ಗುರು, ಎರಡು ಲಘು, ಆರು. ಒಟ್ಟು ಇಪ್ಪತ್ತು ಮಾತ್ರೆ, ನಾಲ್ಕರಂತೆ ಎಣಿಸಿದರೆ ಐದು ಪೆಟ್ಟು. ಡ್ರಮ್ಸ್ ಬಾರಿಸುವ ನೀಲ್ ಪಿಯರ್ಟ್ ಅದನ್ನು ಲೋಹದ ಮೇಲೆ ಕುಟ್ಟುವುದನ್ನು ಕೇಳಿಸಿ ಭಾವನಿಗೆ ಲೆಕ್ಕ ಒಪ್ಪಿಸಿದೆ. ಆಮೇಲೆ ಸುಮ್ಮನಿರಲಾರದೆ ನಮ್ಮ ಮಂಗಳೂರು ವಿಮಾನ ನಿಲ್ದಾಣದ ಅಕ್ಷರಗಳನ್ನೂ ಹಾಕಿ ನೋಡಿದೆ: ಐ ಎಕ್ಸ್ ಇ. ಎರಡು ಲಘು, ಗುರು, ಲಘು, ಲಘು, ಗುರು, ಒಂದು ಲಘು. ಒಂಬತ್ತು ಮಾತ್ರೆ! ಭಾವ ಅದನ್ನು ಮೊಣಕಾಲಿನ ಮೇಲೆ ನುಡಿಸಿಯೂ ನುಡಿಸಿದರು. ಗಲ್ಫ್‌ಗೆ ಹೋಗಿ ಬರುವ ಇಷ್ಟು ಜನರಿರುವ ಜಿಲ್ಲೆಯಲ್ಲಿ ಯಾವ ತಂಡವೂ ಇದನ್ನು ಬಳಸಿಕೊಳ್ಳದಿರುವುದು ಅನ್ಯಾಯ.

ಗುರು ಲಘುವಿನ ಮಾತು ಬಂದರೆ ಟೂಲ್ ತಂಡದ ‘ಲ್ಯಾಟೆರಾಲಸ್’ (2001) ಬಿಡುವ ಹಾಗಿಲ್ಲ. ಅದರ ಹೆಸರಿನ ಹಾಡಿನಲ್ಲಿ ಮೇನಾರ್ಡ್ ಕೀನನ್ ಹಾಡುವ ಸಾಲುಗಳ ಅಕ್ಷರಗಳು ಒಂದು, ಒಂದು, ಎರಡು, ಮೂರು, ಐದು, ಎಂಟು ಎಂದು ಏರಿ ಇಳಿಯುತ್ತವೆ. ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ ಫಿಬೊನಾಚಿ ಶ್ರೇಣಿ. ಪಲ್ಲವಿಯ ಸುತ್ತುಗಳು ಒಂಬತ್ತು, ಎಂಟು, ಏಳು. 987 ಎಂಬುದೂ ಅದೇ ಶ್ರೇಣಿಯ ಒಂದು ಸಂಖ್ಯೆ. ಇದನ್ನು ಹೇಳಿ ಕಣ್ಣರಳಿಸುವವರು ಬಹಳ ಜನ. ಅವರಿಗೆ ನಾನು ಜೈನ ವಿದ್ವಾಂಸ ಹೇಮಚಂದ್ರನನ್ನು ತೋರಿಸುತ್ತೇನೆ. ಇಷ್ಟು ಮಾತ್ರೆಯ ಸಾಲನ್ನು ಗುರು ಲಘುಗಳಲ್ಲಿ ಎಷ್ಟು ಬಗೆಯಾಗಿ ಕಟ್ಟಬಹುದು ಎಂದು ಲೆಕ್ಕ ಹಾಕಿದರೆ ಒಂದು ಮಾತ್ರೆಗೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ಐದು, ಐದಕ್ಕೆ ಎಂಟು. ಹೇಮಚಂದ್ರ ಇದನ್ನು ಬರೆದದ್ದು 1150ರ ಆಸುಪಾಸಿನಲ್ಲಿ. ಫಿಬೊನಾಚಿಯ ಪುಸ್ತಕ 1202ರದ್ದು. ಛಂದಸ್ಸಿನಿಂದ ಹುಟ್ಟಿದ ಲೆಕ್ಕ ಲಾಸ್ ಏಂಜಲೀಸ್‌ನ ತಂಡವೊಂದರಲ್ಲಿ ಮತ್ತೆ ಹಾಡಾಗಿ ಬಂದದ್ದು ನನಗೆ ಖುಷಿ ಕೊಡುತ್ತದೆ. ಆದರೆ ಆ ಲೆಕ್ಕಕ್ಕಾಗಿ ನಾನು ಈ ಆಲ್ಬಮನ್ನು ಹಾಕುವುದಿಲ್ಲ. ಹಾಕುವುದು ಕೊನೆಯ ಹತ್ತಿರ ಬರುವ ‘ರಿಫ್ಲೆಕ್ಷನ್’ಗಾಗಿ. ಹನ್ನೊಂದು ನಿಮಿಷ ಡ್ರಮ್ಸ್ ಬಾರಿಸುವ ಡ್ಯಾನಿ ಕೇರಿಯ ಕೈ ಒಂದೇ ನಡೆಯನ್ನು ಸುತ್ತುತ್ತಿರುತ್ತದೆ. ತಬಲಾ ಕಲಿತ ಕೈ ಅದು, ಕೇಳಿದರೆ ಗೊತ್ತಾಗುತ್ತದೆ. ಗಿಟಾರ್ ಬಾಗಿಲಲ್ಲಿ ನಿಂತೇ ಇದೆ, ಒಳಗೆ ಬರುವುದಿಲ್ಲ. ಹೆಚ್ಚುಕಡಿಮೆ ಎಪ್ಪತ್ತೊಂಬತ್ತು ನಿಮಿಷದ ಆಲ್ಬಂ. ಮೇಲೆ ಬೊಜ್ಜು ಎಂದೆನಲ್ಲ, ಅದರಿಂದ ಇದನ್ನು ಹೊರಗಿಡಿ.

ಡ್ರೀಮ್ ಥಿಯೇಟರ್ ತಂಡವನ್ನು ಪಟ್ಟಿಯ ಒಳಗಿಡುವುದು ಕಷ್ಟ. ಪ್ರೀತಿ ಇಲ್ಲವೆಂದಲ್ಲ. ಮಂಗಳೂರಿನಲ್ಲಿ ಓದುವಾಗ ಕೊಠಡಿಯಲ್ಲಿದ್ದ ತಲಶ್ಶೇರಿಯ ಗೆಳೆಯ ‘ಇಮೇಜಸ್ ಆ್ಯಂಡ್ ವರ್ಡ್ಸ್’ (1992) ಆಲ್ಬಮನ್ನು ತೊಂಬತ್ತು ನಿಮಿಷದ ಕ್ಯಾಸೆಟಿಗೆ ಇಳಿಸಿಕೊಟ್ಟಿದ್ದ. ಮೊದಲ ಹಾಡು ‘ಪುಲ್ ಮಿ ಅಂಡರ್’ ನಡುವೆಯೇ ಕತ್ತರಿಸಿದಂತೆ ನಿಲ್ಲುತ್ತದೆ. ಅದು ಇರುವುದೇ ಹಾಗೆ, ಆದರೆ ಕೊಠಡಿಗೆ ಬಂದವರೆಲ್ಲ ಎದ್ದು ಟೇಪ್‌ರೆಕಾರ್ಡರ್ ತಟ್ಟುತ್ತಿದ್ದರು. ‘ಲರ್ನಿಂಗ್ ಟು ಲಿವ್’ ಮಾತ್ರ ಮೊದಲ ಮಗ್ಗುಲಿಗೆ ಹಿಡಿಸದೆ ಆಚೆಗೆ ದಾಟಿತ್ತು. ಕ್ಯಾಸೆಟ್ ತಿರುಗಿಸುವ ಆ ಬಿಡುವು ಕೊನೆಯ ಹಾಡಿಗೆ ಎಷ್ಟು ಒಪ್ಪುತ್ತಿತ್ತೆಂದರೆ ಈಗ ಮೊಬೈಲಿನಲ್ಲಿ ಕೇಳುವಾಗಲೂ ಅಲ್ಲಿ ನಿಲ್ಲಿಸಿ ನೀರು ಕುಡಿದು ಬರುತ್ತೇನೆ. 1999ರ ‘ಸೀನ್ಸ್ ಫ್ರಮ್ ಎ ಮೆಮೊರಿ’ ಪುನರ್ಜನ್ಮದ ಕಥೆ: ಸಂಮೋಹನದಲ್ಲಿ ಹಿಂದಿನ ಜನ್ಮದ ಕೊಲೆಯನ್ನು ಕಾಣುವವನು. ಕಥೆ ನಮಗೆ ಹೊಸದಲ್ಲ. ಅದರಲ್ಲಿರುವ ‘ದಿ ಡಾನ್ಸ್ ಆಫ್ ಎಟರ್ನಿಟಿ’ ಆರು ನಿಮಿಷದಲ್ಲಿ ನೂರಕ್ಕೂ ಹೆಚ್ಚು ಸಲ ಎಣಿಕೆ ಬದಲಿಸುತ್ತದೆ. ಭಾವ ಅರ್ಧಕ್ಕೇ ಕೈ ಚೆಲ್ಲಿದರು.

“ಇವರಿಗೆ ಭಾಗವತರು ಯಾರೂ ಇಲ್ಲವೋ? ಎಲ್ಲರೂ ಅವರವರ ಮುಕ್ತಾಯವನ್ನೇ ಹೊಡೆಯುತ್ತಿದ್ದಾರೆ.”

ಇಷ್ಟು ವರ್ಷ ನಾನು ಹೇಳಲು ಹುಡುಕುತ್ತಿದ್ದ ವಿಮರ್ಶೆ ಅದೇ.

ಇನ್ನು ಕೆಲವನ್ನು ಬೇಗ ಬೇಗ ಮುಗಿಸುತ್ತೇನೆ. ಪೊರ್ಕ್ಯುಪೈನ್ ಟ್ರೀಯ ‘ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲಾನೆಟ್’ (2007): ಪರದೆ ಮತ್ತು ಗುಳಿಗೆಗಳ ನಡುವೆ ಮರಗಟ್ಟಿದ ಹುಡುಗನ ಆಲ್ಬಂ, ಸ್ಮಾರ್ಟ್‌ಫೋನ್ ಮನೆಮನೆಗೆ ಬರುವ ಮೊದಲೇ ಬಂದದ್ದು. ಹದಿನೇಳು ನಿಮಿಷದ ‘ಅನೆಸ್ತಟೈಸ್’ನಲ್ಲಿ ರಶ್‌ನ ಲೈಫ್‌ಸನ್ ಬಂದು ಗಿಟಾರ್ ನುಡಿಸಿ ಹೋಗುತ್ತಾನೆ. ಮೆಶುಗ್ಗಾದ ‘ಕ್ಯಾಚ್ ಥರ್ಟಿತ್ರೀ’ (2005) ನಲವತ್ತೇಳು ನಿಮಿಷದ ಒಂದೇ ಕೃತಿ, ಹದಿಮೂರು ತುಂಡು ಮಾಡಿಟ್ಟಿದ್ದಾರೆ. ಮೊಬೈಲ್ ಅದನ್ನು ಹಿಂದುಮುಂದಾಗಿ ಹಾಕಿದರೆ ನನಗೆ ಬರುವ ಕೋಪ ಸಣ್ಣದಲ್ಲ. ಕೊಚ್ಚಿಯ ಮದರ್‌ಜೇನ್ ತಂಡದ ‘ಮಕ್ತೂಬ್’ (2008): ಬೈಜು ಧರ್ಮಜನ್ ಗಿಟಾರಿನಲ್ಲಿ ಸ್ವರವನ್ನು ಎಳೆದು ತೂಗುವ ರೀತಿ ನೇರ ನಮ್ಮ ದಕ್ಷಿಣಾದಿ ಸಂಗೀತದ್ದು. ನಮ್ಮದೇ ರಾಜ್ಯದ ತಂಡವೆಂದು ಪಕ್ಷಪಾತ ಮಾಡುತ್ತಿಲ್ಲ. ಅಥವಾ ಸ್ವಲ್ಪ ಮಾಡುತ್ತಿದ್ದೇನೆ. ಕಾಸರಗೋಡಿನ ಕನ್ನಡಿಗನಿಗೆ ಕೇರಳದ ಮೇಲೆ ಅಭಿಮಾನ ಪಡಲು ಇಂಥ ಸಂದರ್ಭಗಳೂ ಬೇಕು.

ಕೊನೆಗೆ ಓಪೆತ್. ಸ್ವೀಡನ್ನಿನ ಈ ತಂಡ ಇಲ್ಲದೆ ನನ್ನ ಪಟ್ಟಿ ಪಟ್ಟಿಯೇ ಅಲ್ಲ. ‘ಬ್ಲ್ಯಾಕ್‌ವಾಟರ್ ಪಾರ್ಕ್’ (2001) ಆಲ್ಬಮಿಗೆ ಪೊರ್ಕ್ಯುಪೈನ್ ಟ್ರೀಯ ಸ್ಟೀವನ್ ವಿಲ್ಸನ್ ನಿರ್ಮಾಪಕನಾಗಿ ಬಂದ. ಮಿಕಾಯೆಲ್ ಓಕರ್‌ಫೆಲ್ಟ್‌ನದು ಎರಡು ಕಂಠ: ಒಂದು ಹೊಟ್ಟೆಯಾಳದ ಗರ್ಜನೆ, ಇನ್ನೊಂದು ಜೇನಿನಂಥದ್ದು. ಎರಡೂ ಒಂದೇ ಹಾಡಿನಲ್ಲಿ, ಕೆಲವೊಮ್ಮೆ ಒಂದರ ಬಾಲಕ್ಕೆ ಇನ್ನೊಂದು. ‘ಬ್ಲೀಕ್’ ಶುರುವಾದಾಗ ಅಡುಗೆಮನೆಯಿಂದ ಅಮ್ಮ ಕೇಳಿದರು, “ಬಣ್ಣದ ವೇಷ ಬಂತೋ?” ಅವರ ಪಾಲಿಗೆ ಅದು ದೂರಲ್ಲ, ತೆರೆಯ ಹಿಂದಿನಿಂದ ರಾಕ್ಷಸ ಅಬ್ಬರಿಸಿಕೊಂಡು ಬರುವುದಕ್ಕೆ ಎಚ್ಚರವಾಗಿ ಕಾದ ರಾತ್ರಿಗಳು ಅವರಿಗೂ ಇವೆ. ಗರ್ಜನೆ ಬೇಡವೆನ್ನುವವರಿಗೆ 2003ರ ‘ಡ್ಯಾಮ್ನೇಶನ್’ ಇದೆ, ಅದರಲ್ಲಿ ಅಬ್ಬರವೇ ಇಲ್ಲ. 2011ರ ‘ಹೆರಿಟೇಜ್’ನಿಂದ ಗರ್ಜನೆಯನ್ನು ಆಲ್ಬಮುಗಳಿಂದ ಪೂರ್ತಿ ಕೈಬಿಟ್ಟ ಓಕರ್‌ಫೆಲ್ಟ್, 2024ರ ‘ದಿ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ನಲ್ಲಿ ಮತ್ತೆ ಎತ್ತಿಕೊಂಡ. ಅದು ಸತ್ತ ಯಜಮಾನನ ಮರಣಶಾಸನವನ್ನು ಮಕ್ಕಳ ಮುಂದೆ ಓದುವ ಕಥೆ. ಹಾಡುಗಳಿಗೆ ಹೆಸರಿಲ್ಲ, ಕಾನೂನು ಪತ್ರದ ಹಾಗೆ ಒಂದರಿಂದ ಏಳರವರೆಗೆ ಅನುಚ್ಛೇದಗಳು. ಕೊನೆಯದಕ್ಕೆ ಮಾತ್ರ ಹೆಸರು. ಜೆತ್ರೋ ಟಲ್‌ನ ಆ್ಯಂಡರ್ಸನ್ ನಡುನಡುವೆ ಶಾಸನ ಓದುತ್ತಾನೆ, ಒಂದು ಕಡೆ ಕೊಳಲೂ ನುಡಿಸುತ್ತಾನೆ. ‘ಬ್ಲ್ಯಾಕ್‌ವಾಟರ್ ಪಾರ್ಕ್’ನ ಪಕ್ಕ ಇಡಬಹುದೇ ಎಂದು ನಾನಿನ್ನೂ ತೀರ್ಮಾನಿಸಿಲ್ಲ, ಎರಡನೆಯ ಅರ್ಧ ಇನ್ನೂ ಒಗ್ಗಿಲ್ಲ. ಸಂಜೆ ಅದನ್ನೇ ಹಾಕಿದ್ದೆ. ಅಮ್ಮ ಕಾಪಿ ತಂದವರು ಬಾಗಿಲಲ್ಲಿ ನಿಂತರು.

“ಇವನಿಗೆ ಯಾರ ಮೇಲೆ ಇಷ್ಟು ಸಿಟ್ಟು?”

“ಆಸ್ತಿ ಪಾಲು ಮಾಡುವ ವಿಷಯ ಅಮ್ಮ. ಅಪ್ಪ ಸತ್ತ ಮೇಲೆ ಮಕ್ಕಳಿಗೆ ಕಾಗದ ಓದುತ್ತಿದ್ದಾರೆ.”

“ಹಾಗಾದರೆ ಸರಿ,” ಎಂದು ಅವರು ಭಾವನ ಕಡೆ ನೋಡಿದರು. “ನಮ್ಮ ದೊಡ್ಡಪ್ಪನ ಮನೆಯಲ್ಲಿ ಇದಕ್ಕಿಂತ ಜೋರಿತ್ತು.”